ಪೈಪಿನ ರುಚಿ ಹುಟ್ಟೋದು ಬ್ಯಾರನ್ನಿನಲ್ಲಿ

ಪೈಪ್ ಸೇದುವವರ ಮಾತು ಕೇಳಿದರೆ ಹೊರಗಿನವರಿಗೆ ನಗು ಬರುವುದು ಸಹಜ. ಒಬ್ಬರಿಗೆ ಅಂಜೂರದ ವಾಸನೆ ಸಿಗುತ್ತದೆ, ಇನ್ನೊಬ್ಬರಿಗೆ ಚಾಕಲೇಟ್, ಮತ್ತೊಬ್ಬರಿಗೆ ಹಳೇ ಚರ್ಮದ ಚೀಲ. ನಾನೂ ಆ ಜಾತಿಯವನೇ. ಅಪರೂಪಕ್ಕೆ, ಬಿಡುವಾಗಿದ್ದ ಸಂಜೆ ಒಂದು ಪೈಪ್ ಹಚ್ಚುತ್ತೇನೆ. ಅವರು ಹೇಳೋದೆಲ್ಲ ಬುರುಡೆ ಅಂತ ನಾನು ಹೇಳಲ್ಲ. ನನ್ನ ತಕರಾರು ಬೇರೆ. ಇವರು ತಂಬಾಕಿನ ಡಬ್ಬಿಯನ್ನು ಹೊಗಳುತ್ತಾರೆ, ಮಿಶ್ರಣ ಮಾಡಿದವನನ್ನು ಹೊಗಳುತ್ತಾರೆ, ಪೈಪಿನ ಮರವನ್ನೂ ಬಿಡುವುದಿಲ್ಲ. ಎಲೆ ಬೇಯಿಸಿದವನ ಸುದ್ದಿಗೆ ಮಾತ್ರ ಯಾರೂ ಹೋಗುವುದಿಲ್ಲ. ಹುಣಸೂರು ಕಡೆ ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ ಹುಟ್ಟಿದವನಿಗೆ ಇದು ಸ್ವಲ್ಪ ಚುಚ್ಚುತ್ತದೆ. ಯಾಕಂದ್ರೆ ನನ್ನ ಪ್ರಕಾರ ಪೈಪಿನ ರುಚಿಯಲ್ಲಿ ಮುಕ್ಕಾಲು ಪಾಲು ಆ ಬೇಯಿಸೋ ಕೆಲಸದ್ದೇ.

ಮುಂದೆ ಹೋಗೋ ಮೊದಲು ಒಂದು ಮಾತು. ಪೈಪಿನ ಹೊಗೆಯನ್ನು ಸಾಮಾನ್ಯವಾಗಿ ಎದೆಗೆ ಎಳೆದುಕೊಳ್ಳುವುದಿಲ್ಲ, ಬಾಯಲ್ಲೇ ಆಡಿಸಿ ಬಿಡುತ್ತಾರೆ. ಅಷ್ಟಕ್ಕೇ ಇದೇನೂ ಆಗಲ್ಲ ಅಂದುಕೊಳ್ಳಬೇಡಿ. ಬಾಯಿ, ಗಂಟಲಿನ ಕ್ಯಾನ್ಸರ್ ಪೈಪ್ ಸೇದುವವರಿಗೂ ಬರುತ್ತದೆ. ಅಭ್ಯಾಸ ಇಲ್ಲದವರು ಇದನ್ನು ಓದಿ ಶುರು ಮಾಡಿದರೆ ಅದಕ್ಕೆ ನಾನು ಹೊಣೆಯಲ್ಲ. ಓದಿ ಸುಮ್ಮನಾಗಿ, ಅಷ್ಟೇ.

ಈಗ ಬ್ಯಾರನ್ನಿಗೆ ಬರೋಣ, ಅಂದರೆ ಹೊಗೆಸೊಪ್ಪು ಬೇಯಿಸುವ ಮನೆಗೆ. ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ ಒಳಗೆ ಏರಿಸಿದ ಮೇಲೆ ಐದಾರು ದಿನ ಮನೆಯಲ್ಲಿ ಯಾರಿಗೂ ನೆಟ್ಟಗೆ ನಿದ್ದೆ ಇರುವುದಿಲ್ಲ. ಮೊದಲು ಕಿಂಡಿ ಮುಚ್ಚಿ, 35ರಿಂದ 38 ಡಿಗ್ರಿ ಆಸುಪಾಸಿನ ಸಣ್ಣ ಶಾಖ. ಎಲೆ ಆಗ ಇನ್ನೂ ಪೂರ್ತಿ ಸತ್ತಿರುವುದಿಲ್ಲ. ಅದರೊಳಗಿನ ಪಿಷ್ಟ ಸಕ್ಕರೆಯಾಗುವುದು ಈ ಹೊತ್ತಿನಲ್ಲೇ. ಹಳದಿ ತಿರುಗಿದ ಮೇಲೆ ಕಿಂಡಿ ತೆಗೆದು ಶಾಖ ಏರಿಸುತ್ತಾ ಹೋಗಬೇಕು. ಬೇಗ ಏರಿಸಿದರೆ ಹಸಿರು ಉಳಿಯುತ್ತದೆ. ತಡ ಮಾಡಿದರೆ ಎಲೆ ಕಂದು ತಿರುಗುತ್ತದೆ. ಕೊನೆಗೆ ನಡುವಿನ ದಂಟು ಒಣಗಿಸಲು 70 ಡಿಗ್ರಿ ತನಕ ಹೋಗುತ್ತಾರೆ. ಥರ್ಮಾಮೀಟರ್ ಇತ್ತು, ಇಲ್ಲ ಅಂತಲ್ಲ. ಆದರೆ ಅಪ್ಪ ಬಾಗಿಲು ಸ್ವಲ್ಪವೇ ಸರಿಸಿ, ಕೈಗೆ ಸಿಕ್ಕ ಒಂದು ಎಲೆ ಕಿತ್ತು, ಅಂಗೈಯಲ್ಲಿ ಮುದುರಿ ಮೂಸುತ್ತಿದ್ದರು. "ಇನ್ನೂ ಹಸಿ ವಾಸ್ನೆ ಐತೆ, ಬೆಂಕಿ ಜಾಸ್ತಿ ಮಾಡ್ಬ್ಯಾಡ" ಅಂತ ಅಣ್ಣನಿಗೆ ಹೇಳಿ ಬಾಗಿಲು ಎಳೆಯುತ್ತಿದ್ದರು.

ಇದೇ ವರ್ಜೀನಿಯಾ ತಂಬಾಕು. ಪೈಪಿನವರು ತಲೆ ಮೇಲೆ ಹೊತ್ತು ಮೆರೆಸುವುದು ಇದರ ಸಿಹಿಯನ್ನೇ. ಇಂಗ್ಲೆಂಡಿನ ಕೆಂಡಲ್ ಅನ್ನೋ ಊರಲ್ಲಿ ಸ್ಯಾಮ್ಯುಯೆಲ್ ಗಾವಿತ್ ಅಂತ ಒಂದು ಹಳೇ ಬ್ರ್ಯಾಂಡ್ ಇದೆ, 1792ರದ್ದು. ಅವರ ಫುಲ್ ವರ್ಜೀನಿಯಾ ಫ್ಲೇಕ್ ನನಗೆ ಇಷ್ಟ. ಎಲೆಯನ್ನು ಬಿಸಿ ಕೊಟ್ಟು ಒತ್ತಿ, ಗಟ್ಟಿ ಹಲಗೆ ಮಾಡಿ, ತೆಳ್ಳಗೆ ಪಟ್ಟಿ ಪಟ್ಟಿಯಾಗಿ ಸೀಳಿರುತ್ತಾರೆ. ಕಡುಗಂದು ಬಣ್ಣ, ಮುಟ್ಟಿದರೆ ಬೆರಳಿಗೆ ಅಂಟಂಟು. ಮೂಗಿಗೆ ಮೊದಲು ಬರುವುದು ಸ್ವಲ್ಪ ಹುಳಿ. ಅದರ ಹಿಂದೆ ಒಣಹುಲ್ಲು. ಆಮೇಲೆ ಬೆಲ್ಲ ಕಾಯಿಸಿದ ವಾಸನೆ. ಈ ಕಡೇ ವಾಸನೆ ನನಗೆ ಹೊಸದೇನಲ್ಲ ನೋಡಿ, ಬ್ಯಾರನ್ ಬಿಚ್ಚಿದ ದಿನ ಇಡೀ ಹಟ್ಟಿಗೆ ಹರಡುತ್ತಿದ್ದದ್ದು ಅದೇ.

ಡಬ್ಬಿಯಿಂದ ತೆಗೆದ ಕೂಡಲೇ ತುಂಬಬೇಡಿ. ತೇವ ಜಾಸ್ತಿ ಇರುತ್ತದೆ. ಪಟ್ಟಿಯನ್ನು ಬೆರಳಲ್ಲಿ ಉಜ್ಜಿ ಬಿಡಿಸಿ, ಕಾಗದದ ಮೇಲೆ ಹರಡಿ ಬಿಡಿ. ಒತ್ತಿದರೆ ಒಂಚೂರು ಪುಟಿಯಬೇಕು, ಬೆರಳಿಗೆ ತಣ್ಣಗೆ ತಾಗಬಾರದು. ಪೈಪಿನ ಬಟ್ಟಲಿನ ತಳದಲ್ಲಿ ಸಡಿಲ, ಮೇಲೆ ಬರುತ್ತಾ ಬಿಗಿ. ಮೊದಲ ಕಡ್ಡಿ ಗೀರಿದಾಗ ಎಲೆ ಎದ್ದು ಕೂರುತ್ತದೆ. ಮೆತ್ತಗೆ ಅದುಮಿ ಇನ್ನೊಂದು ಕಡ್ಡಿ ಗೀರಿ. ಆಮೇಲೆ ಇರುವುದು ಒಂದೇ ಕೆಲಸ, ಅವಸರ ಮಾಡದೇ ಇರುವುದು. ಬಿಸಿ ಕಾಫಿಯನ್ನು ತುಟಿ ಸುಡದ ಹಾಗೆ ಗುಟುಕರಿಸುತ್ತೀವಲ್ಲ, ಅಷ್ಟೇ ಹೊಗೆ ಸಾಕು. ಜೋರಾಗಿ ಎಳೆದಿರೋ, ಬಿಸಿ ಹಬೆ ಬಂದು ನಾಲಿಗೆ ತುದಿ ಕಿತ್ತುಕೊಂಡು ಬರುತ್ತದೆ, ಮಾರನೇ ದಿನ ಸಾರಿನ ರುಚಿಯೂ ಗೊತ್ತಾಗಲ್ಲ. ಬಾಯಲ್ಲಿರುವ ಹೊಗೆಯಲ್ಲಿ ಒಂದಿಷ್ಟನ್ನು ನುಂಗದೆ ಮೂಗಿನಿಂದ ಮೆಲ್ಲಗೆ ಬಿಟ್ಟು ನೋಡಿ. ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ, ಖಾರದಂಥವು ಅಷ್ಟೇ. ಉಳಿದ ಅಂಜೂರ ಗಿಂಜೂರ ಎಲ್ಲ ಮೂಗಿನದೇ ವ್ಯವಹಾರ.

ಎಲೆಯನ್ನು ಬೇಯಿಸಿ ಒಣಗಿಸಿ ಪಳಗಿಸುವ ಈ ಹದ ಅಂದರೆ ಏನು ಅಂತ ಗೊತ್ತಾಗಬೇಕಿದ್ದರೆ ವರ್ಜೀನಿಯಾ ಪಕ್ಕದಲ್ಲಿ ಲಟಾಕಿಯಾ ಅನ್ನೋ ಇನ್ನೊಂದು ತಂಬಾಕು ಇಟ್ಟು ಮೂಸಬೇಕು. ನಮ್ಮ ಬ್ಯಾರನ್ನಿನಲ್ಲಿ ಹೊಗೆ ಎಲೆಯನ್ನು ಮುಟ್ಟುವ ಹಾಗೇ ಇಲ್ಲ. ಒಲೆಯ ಬಿಸಿ ಕಬ್ಬಿಣದ ಕೊಳವೆಯೊಳಗೆ ಸುತ್ತಿ ಹೊರಗೆ ಹೋಗುತ್ತದೆ. ಕೊಳವೆ ಎಲ್ಲಾದರೂ ತೂತು ಬಿದ್ದು ಹೊಗೆ ಒಳಗೆ ಸೋರಿದರೆ ಆ ಸೊಪ್ಪಿಗೆ ಹರಾಜಿನಲ್ಲಿ ಮರ್ಯಾದೆ ಇಲ್ಲ. ಲಟಾಕಿಯಾದ ಕಥೆ ಪೂರ್ತಿ ಉಲ್ಟಾ. ಒಣಗಿದ ಎಲೆಯನ್ನು ತೂಗುಹಾಕಿ, ಕೆಳಗೆ ಪೈನ್, ಓಕ್, ಮರ್ಟಲ್ ಥರದ ಸೌದೆಯ ಹೊಗೆ ಹಾಕಿ ಹಾಕಿ ಕಪ್ಪು ಮಾಡುತ್ತಾರೆ. ಹೆಸರು ಸಿರಿಯಾದ ಬಂದರಿನದು, ಈಗ ಡಬ್ಬಿಗಳಲ್ಲಿ ಸಿಗುವುದು ಹೆಚ್ಚಾಗಿ ಸೈಪ್ರಸ್‌ನದು. ಹಳೇ ಸೌದೆ ಒಲೆಯ ಅಟ್ಟಕ್ಕೆ ತಲೆ ಹಾಕಿದಾಗ ಬರುವ ವಾಸನೆ ಅದು. ನನ್ನ ಹೆಂಡತಿಗೆ ಆಗಲ್ಲ. ನನಗೆ ಮಳೆಗಾಲದಲ್ಲಿ ಆಗುತ್ತೆ.

ಅಮೆರಿಕದ ಲೂಯಿಸಿಯಾನಾದ ಸೇಂಟ್ ಜೇಮ್ಸ್ ಪ್ಯಾರಿಷ್‌ನ ಪೆರೀಕ್ ಅನ್ನೋ ತಂಬಾಕು ಇನ್ನೊಂದು ತರಹ. ಅದನ್ನು ಮರದ ಪೀಪಾಯಿಯಲ್ಲಿ ಒತ್ತಿ ತಿಂಗಳುಗಟ್ಟಲೆ ಹುಳಿ ಬರಿಸುತ್ತಾರೆ. ನಡುನಡುವೆ ತೆಗೆದು ಗಾಳಿಗೆ ಹಾಕಿ ಮತ್ತೆ ಒತ್ತುತ್ತಾರೆ. ಕಾಳುಮೆಣಸಿನ ಖಾರ, ಕಳಿತ ಹಣ್ಣಿನ ಘಮ. ಹಾಗೇ ಸೇದಿದರೆ ತಲೆ ಗಿರ್ ಅನ್ನುತ್ತದೆ, ಅದಕ್ಕೇ ಮಿಶ್ರಣಕ್ಕೆ ಚೂರೇ ಚೂರು ಹಾಕುತ್ತಾರೆ. ಈ ಮೂರೂ ಒಂದೇ ಜಾತಿಯ ಗಿಡದ ಎಲೆ. ತಳಿ ಬೇರೆ, ಮಣ್ಣು ಬೇರೆ, ಒಪ್ಪುತ್ತೇನೆ. ಆದರೂ ಬೆಲ್ಲ, ಅಟ್ಟ, ಮೆಣಸು ಅಂತ ಇಷ್ಟು ದೂರ ದೂರ ಹೋಗಿದ್ದು ಹದದಿಂದ.

ವೆನಿಲ್ಲಾ, ಚೆರ್ರಿ ಹಾಕಿದ ಡಬ್ಬಿಗಳ ಬಗ್ಗೆ ಏನೂ ಹೇಳಲಿಲ್ಲ ಅಂತ ಕೇಳಬಹುದು. ಪಕ್ಕದಲ್ಲಿ ಕೂತವರಿಗೆ ಹಬ್ಬ, ಸೇದುವವನಿಗೆ ಉಪವಾಸ. ಇಷ್ಟು ಸಾಕು.

ಈ ಹಳದಿ ವರ್ಜೀನಿಯಾ ಹುಟ್ಟಿದ ಕಥೆಯನ್ನೂ ಕೇಳಿ. 1839ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ, ಅಬೀಷಾ ಸ್ಲೇಡ್ ಅನ್ನುವವನ ಜಮೀನಿನಲ್ಲಿ, ಸ್ಟೀಫನ್ ಅನ್ನುವ ಗುಲಾಮ ಬ್ಯಾರನ್ ಕಾಯುತ್ತಾ ನಿದ್ದೆ ಹೋದನಂತೆ. ಎದ್ದು ನೋಡಿದರೆ ಬೆಂಕಿ ಆರುತ್ತಿದೆ. ಗಾಬರಿಯಲ್ಲಿ ಇದ್ದಿಲು ತಂದು ಸುರಿದು ಶಾಖ ಏರಿಸಿದ. ಎಲೆ ಬಂಗಾರದ ಬಣ್ಣಕ್ಕೆ ಬಂತು. ಮಾಲು ಮಾರಿ ಹೆಸರು ಮಾಡಿದ್ದು ಸ್ಲೇಡ್. ಸ್ಟೀಫನ್ ಬರೀ ಸ್ಟೀಫನ್ ಆಗಿಯೇ ಉಳಿದ.

ನಮ್ಮ ಕಡೆ ಹೆಸರು ಅಷ್ಟೂ ಸಿಗುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಎಲೆಯನ್ನು ವ್ಯಾಪಾರದವರು ನ್ಯೂಟ್ರಲ್ ಫಿಲ್ಲರ್ ಅನ್ನುತ್ತಾರೆ. ಅಂದರೆ ಅದರದ್ದೇ ಜೋರು ರುಚಿ ಇಲ್ಲ, ಯಾವುದರ ಜೊತೆಗಾದರೂ ಸೇರಿಕೊಳ್ಳುತ್ತೆ ಅಂತ. ಸಿಗರೇಟಿನವರಿಗೆ ಬೇಕಾಗಿದ್ದೂ ಅದೇ. ಇದರಲ್ಲಿ ಅನ್ಯಾಯ ಅಂತ ಕೂಗಾಡುವುದಕ್ಕೆ ಏನಿಲ್ಲ, ನಮ್ಮ ಕೆಂಪು ಮಣ್ಣು ಕೊಡುವುದೇ ಹಗುರ ಎಲೆ. ಆದರೆ ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲಿ ಬೇಲ್, ಅಂದರೆ ಸೊಪ್ಪಿನ ಹೊರೆಯ ಮುಂದೆ ನಿಂತ ಖರೀದಿದಾರ ಕೈ ಹಾಕಿ ಒಂದು ಹಿಡಿ ಎಳೆದು, ನೋಡಿ, ಮುಂದಿನ ಬೇಲ್‌ಗೆ ಹೋಗುತ್ತಾನೆ. ಬ್ರೈಟೋ, ಮೀಡಿಯಮ್ಮೋ, ಲೋ ಗ್ರೇಡೋ ಅಷ್ಟರಲ್ಲೇ ತೀರ್ಮಾನ. ಅಲ್ಲಿಂದ ಮುಂದೆ ಅದು ಯಾರ ಬ್ಯಾರನ್ನಿನ ಎಲೆ ಅಂತ ಯಾರಿಗೂ ಬೇಕಿಲ್ಲ.

ನಿಮ್ಮ ಮನೆಯ ಎಲೆಯನ್ನೇ ಪೈಪಿಗೆ ಹಾಕಬಹುದಲ್ವಾ ಅಂತ ಗೆಳೆಯರು ಕೇಳುತ್ತಾರೆ. ಹಾಕಬಹುದು, ಗಂಟಲು ಕೆರೆದು ಕೆಮ್ಮು ಬರುತ್ತದೆ. ಬ್ಯಾರನ್ನಿನಿಂದ ಇಳಿದ ಎಲೆಯನ್ನು ಮತ್ತೆ ಒಣಗಿಸಿ, ಹದವಾದ ತೇವ ಕೊಟ್ಟು, ಒತ್ತಿ ತುಂಬಿಟ್ಟು ವರ್ಷಗಟ್ಟಲೆ ಮಾಗಿಸಬೇಕು. ಅಷ್ಟು ಕಾಯಲು ರೈತನಿಗೆ ಜಾಗವೂ ಇಲ್ಲ, ಪುರಸೊತ್ತೂ ಇಲ್ಲ, ಬ್ಯಾಂಕಿನ ಸಾಲ ಬಿಡುವುದೂ ಇಲ್ಲ. ಯಾರಾದರೂ ದುಡ್ಡಿರುವವರು ಆ ಕೆಲಸ ಮಾಡಿ, ಡಬ್ಬಿಯ ಮೇಲೆ ಊರಿನ ಹೆಸರು, ಬೆಳೆದ ವರ್ಷ, ಬೇಯಿಸಿದವನ ಹೆಸರು ಹಾಕಿದರೆ ಎಷ್ಟಾದರೂ ಕೊಟ್ಟು ಎರಡು ಡಬ್ಬಿ ತಗೋತೀನಿ. ಒಂದು ನನಗೆ. ಇನ್ನೊಂದು ಅಣ್ಣನಿಗೆ. ಅವನು ಬೀಡಿ ಕೂಡ ಸೇದಲ್ಲ, ಡಬ್ಬಿ ಓದಲಿ ಅಂತ.