ಬಲಗಡೆ ಮೂಲೆಯ ಮಸುಕು ಬರಹ

ವಿಂಡೋಸ್ ಹೊಸದಾಗಿ ಹಾಕಿಯಾಯಿತು, ಕಂಪ್ಯೂಟರ್ ಚುರುಕಾಯಿತು, ಮನೆಮಂದಿಯೆಲ್ಲ ಮೆಚ್ಚಿಯೂ ಆಯಿತು. ಆಗ ಪರದೆಯ ಬಲಗಡೆ ಕೆಳಮೂಲೆಯಲ್ಲಿ 'ಆಕ್ಟಿವೇಟ್ ವಿಂಡೋಸ್' ಎಂಬ ಮಸುಕು ಅಕ್ಷರಗಳು ಮೂಡುತ್ತವೆ. ನಿಮ್ಮ ವಿಂಡೋಸ್‌ನ ಲೈಸೆನ್ಸ್ ಇನ್ನೂ ಖಾತ್ರಿಯಾಗಿಲ್ಲ ಎಂದು ಅದರ ಅರ್ಥ. ಸಿನಿಮಾ ಹಾಕಿದರೆ ನಾಯಕಿಯ ಸೆರಗಿನ ಮೇಲೂ ಅವೇ. ವಾಲ್‌ಪೇಪರ್ ಬದಲಿಸೋಣವೆಂದು ಸೆಟ್ಟಿಂಗ್ಸ್‌ಗೆ ಹೋದರೆ ಪರ್ಸನಲೈಸೇಶನ್ ಬಂದ್. ಅದೇ ಚಿತ್ರದ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಡೆಸ್ಕ್‌ಟಾಪ್ ಬ್ಯಾಕ್‌ಗ್ರೌಂಡ್ ಮಾಡಿದರೆ ಮಾತ್ರ ತೆಪ್ಪಗೆ ಒಪ್ಪಿಕೊಳ್ಳುತ್ತದೆ. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲು ತೆರೆದಿಟ್ಟ ಮನೆ!

ತಕ್ಷಣ ಎಲ್ಲರೂ ಮಾಡುವ ಕೆಲಸ ಬೀರು ತಡಕಿ ಪ್ರಾಡಕ್ಟ್ ಕೀ, ಅಂದರೆ ವಿಂಡೋಸ್ ಕೊಂಡದ್ದಕ್ಕೆ ಸಾಕ್ಷಿಯಾದ 25 ಅಕ್ಷರಗಳ ಸಂಕೇತ, ಹುಡುಕುವುದು. ಸಾಮಾನ್ಯವಾಗಿ ಅದು ಬೇಕಾಗುವುದೇ ಇಲ್ಲ. ವಿಂಡೋಸ್ 8ರಿಂದೀಚೆಗೆ ಕಂಪನಿಯಿಂದಲೇ ವಿಂಡೋಸ್ ಸಮೇತ ಬಂದ ಯಂತ್ರಗಳಲ್ಲಿ ಕೀ ಬಯೋಸ್ ಒಳಗೇ, ಅಂದರೆ ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶದ ಜೊತೆಗೇ, ಕೂತಿರುತ್ತದೆ. ಉಳಿದವುಗಳಿಗೆ ಡಿಜಿಟಲ್ ಲೈಸೆನ್ಸ್, ಅಂದರೆ ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿ ದಾಖಲಾದ ಪರವಾನಗಿ. ಅದು ನೆನಪಿಟ್ಟುಕೊಳ್ಳುವುದು ನಿಮ್ಮನ್ನಲ್ಲ, ಮುಖ್ಯವಾಗಿ ಮದರ್‌ಬೋರ್ಡನ್ನು, ಅಂದರೆ ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆಯನ್ನು.

ಹಾಗಿದ್ದೂ ಆಕ್ಟಿವೇಟ್ ಆಗದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಎಡಿಷನ್ನನ್ನು, ಅಂದರೆ ಹಾಕಿದ್ದು ವಿಂಡೋಸ್‌ನ ಯಾವ ಬಗೆ ಎಂಬುದನ್ನು. ಇನ್‌ಸ್ಟಾಲ್ ಮಾಡುವಾಗ 'ಕೀ ಇಲ್ಲ' ಎಂದು ಒತ್ತಿದರೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ 'ಹೋಮ್' ಬಡಪಾಯಿಯಂತೆ, 'ಪ್ರೋ' ಠೀವಿಯಿಂದ ನಿಂತಿರುತ್ತದೆ. ಪುಕ್ಕಟೆ ಸಿಗುವಾಗ ಬಡಪಾಯಿಯನ್ನು ಯಾರು ಆರಿಸುತ್ತಾರೆ? ಲೈಸೆನ್ಸ್ ಇರುವುದು ಹೋಮ್‌ಗೆ, ಹಾಕಿದ್ದು ಪ್ರೋ. 803ಎಫ್7001 ಎಂಬ ಎರರ್ ಹೆಚ್ಚಾಗಿ ಇಲ್ಲಿಂದಲೇ ಹುಟ್ಟುತ್ತದೆ. ಇದರ ತದ್ವಿರುದ್ಧವೂ ಉಂಟು: ಬಯೋಸ್‌ನಲ್ಲಿ ಹೋಮ್ ಕೀ ಇದ್ದು, ಆಮೇಲೆ ಪ್ರೋ ಕೊಂಡಿದ್ದರೆ, ಇನ್‌ಸ್ಟಾಲರ್ ಒಂದು ಮಾತೂ ಕೇಳದೆ ಹೋಮ್ ಹಾಕಿ ಕೈತೊಳೆದುಕೊಳ್ಳುತ್ತದೆ.

ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಎಸ್‌ಎಲ್‌ಎಂಜಿಆರ್', ಒಂದು ಸ್ಪೇಸ್, ಓರೆಗೆರೆ, 'ಡಿಎಲ್‌ಐ' (slmgr /dli) ಎಂದು ಹೊಡೆದರೆ ಎಡಿಷನ್ನೂ ಕೀಯ ಕೊನೆಯ 5 ಅಕ್ಷರಗಳೂ ಕಾಣುತ್ತವೆ. 3ವಿ66ಟಿ ಎಂದಿದ್ದರೆ ಪ್ರೋ, 8ಎಚ್‌ವಿಎಕ್ಸ್7 ಎಂದಿದ್ದರೆ ಹೋಮ್. ಇವು ಎಲ್ಲರಿಗೂ ಒಂದೇ ಆದ, ಜಾಗ ಕಾಯುವ ಕೀಗಳು, ಬರೆದಿಟ್ಟುಕೊಂಡು ಹಿಗ್ಗಬೇಕಿಲ್ಲ. ಹೋಮ್‌ನಿಂದ ಪ್ರೋಗೆ ಹತ್ತಲು 'ಚೇಂಜ್ ಪ್ರಾಡಕ್ಟ್ ಕೀ' ಸಾಕು. ಪ್ರೋದಿಂದ ಹೋಮ್‌ಗೆ ಇಳಿಯಬೇಕಾದರೆ ಮತ್ತೆ ಇನ್‌ಸ್ಟಾಲ್ ಮಾಡುವುದೇ ಗತಿ.

ಕೀ ಟೈಪಿಸಲೇಬೇಕಾಗಿ ಬಂದರೆ 'ಇದು ಓ ಅಕ್ಷರವೋ ಸೊನ್ನೆಯೋ' ಎಂದು ಮನೆಯಲ್ಲಿ ಪಂಚಾಯಿತಿ ಸೇರಿಸಬೇಡಿ. ಆ 25 ಅಕ್ಷರಗಳಲ್ಲಿ ಎರಡೂ ಬರುವುದಿಲ್ಲ. 1, 5, ಐ, ಎಸ್ ಕೂಡ ಇಲ್ಲ. ಕಾಡುವುದು 8 ಮತ್ತು ಬಿ, 6 ಮತ್ತು ಜಿ. ಅದರಲ್ಲೂ ಸ್ಟಿಕರ್ ಸವೆದಿದ್ದರೆ ದೇವರೇ ಗತಿ.

ಕೀಯೂ ಸರಿ, ಎಡಿಷನ್ನೂ ಸರಿ ಎಂದಾದರೆ ತಾರೀಖು ನೋಡಿ. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತರೆ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಓಡುತ್ತದೆ. ಲೈಸೆನ್ಸ್ ಪರೀಕ್ಷಿಸುವ ಮೈಕ್ರೋಸಾಫ್ಟ್ ಸರ್ವರ್‌ನ ಸರ್ಟಿಫಿಕೇಟ್, ಅಂದರೆ ಅದರ ಗುರುತಿನ ಚೀಟಿ, ಆ ಕಾಲಕ್ಕೆ ಇನ್ನೂ ಹುಟ್ಟಿರುವುದೇ ಇಲ್ಲ, ಮಾತುಕತೆ ಅಲ್ಲಿಗೇ ಮುರಿಯುತ್ತದೆ.

ಮದರ್‌ಬೋರ್ಡನ್ನೇ ಬದಲಿಸಿದರೆ ಬರುವ ಎರರ್ ಸಿ004ಎಫ್211: 'ನೀವ್ಯಾರೋ ಗೊತ್ತಿಲ್ಲ' ಎಂಬುದರ ಸಭ್ಯ ರೂಪ. ಯಂತ್ರದ ಜೊತೆಗೇ ಬಂದ ಲೈಸೆನ್ಸ್ ಹಳೆ ಬೋರ್ಡಿನೊಂದಿಗೇ ಹೋಗುತ್ತದೆ. ಬಿಡಿಯಾಗಿ ಕೊಂಡದ್ದಾದರೆ, ಹಳೆ ಬೋರ್ಡು ಬಿಚ್ಚುವ ಮುಂಚೆಯೇ ಲೈಸೆನ್ಸನ್ನು ಮೈಕ್ರೋಸಾಫ್ಟ್ ಅಕೌಂಟಿಗೆ ಜೋಡಿಸಿರಬೇಕು. ಆಮೇಲೆ ಸೆಟ್ಟಿಂಗ್ಸ್‌ನ ಆಕ್ಟಿವೇಶನ್ ಪುಟದ ಟ್ರಬಲ್‌ಶೂಟರ್‌ನಲ್ಲಿ 'ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದೆ' ಎಂಬ ಸಾಲು ಒತ್ತಿದರೆ ಹಳೆಯ ಕಂಪ್ಯೂಟರ್‌ಗಳ ಪಟ್ಟಿ ಬರುತ್ತದೆ. ಎಲ್ಲದರ ಹೆಸರೂ 'ಡೆಸ್ಕ್‌ಟಾಪ್', ಒಂದು ಅಡ್ಡಗೆರೆ, ಆಮೇಲೆ ಬಾಯಿಗೆ ಬಂದ ಏಳು ಅಕ್ಷರ. ಆದ್ದರಿಂದ ಸ್ಕ್ರೂಡ್ರೈವರ್ ಹಿಡಿಯುವ ಮುನ್ನವೇ ಕಂಪ್ಯೂಟರಿಗೆ ಮನುಷ್ಯರು ಗುರುತು ಹಿಡಿಯುವಂಥ ಹೆಸರೊಂದನ್ನು ಇಟ್ಟುಬಿಡಿ.