ಚರಂಡಿಯ ಲೆಕ್ಕ ಸಿಕ್ಕಿತು, ಮತದ ಲೆಕ್ಕ?

ನಮ್ಮ ಶಾಸಕರ ಸಾಧನೆಯ ಕಿರುಹೊತ್ತಿಗೆ ಮೊನ್ನೆ ಬೆಳಗಿನ ಪತ್ರಿಕೆಯ ನಡುವೆ ಮಡಚಿಕೊಂಡು ಬಂದಿತ್ತು. ನುಣುಪು ಕಾಗದ, ಪುಟಕ್ಕೆರಡು ಭೂಮಿಪೂಜೆ. ಸಿಮೆಂಟ್ ರಸ್ತೆ, ಚರಂಡಿ, ಹೈಮಾಸ್ಟ್ ದೀಪ, ಸಮುದಾಯ ಭವನ, ಎಲ್ಲದಕ್ಕೂ ಲೆಕ್ಕವಿದೆ, ಚಿತ್ರವಿದೆ. ಹಟಕ್ಕೆ ಬಿದ್ದು ಮೊದಲ ಪುಟದಿಂದ ಕೊನೆಯವರೆಗೆ ನಾನು ಹುಡುಕಿದ್ದು ಒಂದೇ ಸಾಲನ್ನು: ಈ ಮನುಷ್ಯ ಸದನದಲ್ಲಿ ಯಾವ ಮಸೂದೆಗೆ ಹೌದು ಎಂದರು, ಯಾವುದಕ್ಕೆ ಇಲ್ಲ ಎಂದರು? ಆ ಸಾಲು ಸಿಗಲಿಲ್ಲ. ಒಂದು ಮಸೂದೆಯ ಹೆಸರು ಕೂಡ ಇರಲಿಲ್ಲ.

ಶಾಸಕ ಎಂಬ ಪದದೊಳಗೆ ಶಾಸನವಿದೆ, ಚರಂಡಿ ಇಲ್ಲ. ಹಾಗೆಂದು ಚರಂಡಿಯನ್ನು ಹಗುರವಾಗಿ ಕಾಣುತ್ತಿಲ್ಲ. ಬೀದಿಯ ಚರಂಡಿಗಾಗಿ ಅರ್ಜಿ ಹಿಡಿದು ಅವರ ಕಚೇರಿಗೆ ಎರಡು ಸಲ ಹೋದವನು ನಾನೇ. ಆ ಎರಡು ಸಲವೂ ಮಸೂದೆಯ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಈ ಸಲ ಮಾತ್ರ ಜನಸ್ಪಂದನ ಸಭೆಯಲ್ಲಿ ಎದ್ದು ನಿಂತು ಕೇಳಿದೆ: "ಸರ್, ಕಳೆದ ಅಧಿವೇಶನದಲ್ಲಿ ಯಾವ ಮಸೂದೆಗೆ ಹೇಗೆ ಮತ ಹಾಕಿದಿರಿ, ಯಾಕೆ ಹಾಗೆ ಹಾಕಿದಿರಿ?" ಸಭೆಯಲ್ಲಿ ನಗು ಹಬ್ಬಿತು. ಅವರೂ ನಕ್ಕರು. "ಪಕ್ಷ ಹೇಳಿದ ಹಾಗೆ" ಎಂದರು. ಪಕ್ಕದಲ್ಲಿದ್ದ ಆಪ್ತ ಸಹಾಯಕರು ನನ್ನ ಪ್ರಶ್ನೆಯನ್ನು ಅಹವಾಲು ಪುಸ್ತಕದಲ್ಲಿ 'ಇತರೆ' ಎಂಬ ಕಲಂನಲ್ಲಿ ಬರೆದುಕೊಂಡರು.

ನಿಜ ಹೇಳಬೇಕೆಂದರೆ, ಅವರು ಮನಸ್ಸು ಮಾಡಿದ್ದರೂ ತೋರಿಸಲು ದಾಖಲೆ ಇರುತ್ತಿತ್ತೇ ಎಂಬುದು ಅನುಮಾನ. ನಮ್ಮ ಬಹುಪಾಲು ಮಸೂದೆಗಳು ಧ್ವನಿಮತದಲ್ಲಿ ಪಾಸಾಗುತ್ತವೆ. ಒಪ್ಪುವವರು ಹೌದು ಎನ್ನುತ್ತಾರೆ, ಒಪ್ಪದವರು ಇಲ್ಲ ಎನ್ನುತ್ತಾರೆ, ಯಾವ ಕಡೆಯ ಸದ್ದು ಹೆಚ್ಚಿತ್ತೆಂದು ಸಭಾಧ್ಯಕ್ಷರ ಕಿವಿ ತೀರ್ಮಾನಿಸುತ್ತದೆ. ಯಾರ ಬಾಯಿಂದ ಏನು ಬಂತೆಂಬುದು ಕಡತದಲ್ಲಿ ಉಳಿಯುವುದಿಲ್ಲ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳು ಹೀಗೆಯೇ ಅಂಗೀಕಾರವಾದವು. ಮತ ವಿಭಜನೆ, ಅಂದರೆ ಒಬ್ಬೊಬ್ಬರ ಮತದ ಎಣಿಕೆ, ಬೇಕೆಂದು ವಿರೋಧ ಪಕ್ಷದವರು ಕೂಗಿದ್ದು ಗದ್ದಲದಲ್ಲಿ ಮುಳುಗಿತು. ಮರುವರ್ಷ ನವೆಂಬರ್ 29ರಂದು ಅದೇ ಕಾಯ್ದೆಗಳನ್ನು ರದ್ದು ಮಾಡಿದ್ದೂ ಧ್ವನಿಮತದಲ್ಲೇ, ಚರ್ಚೆಯೂ ಇಲ್ಲದೆ. ವರ್ಷವಿಡೀ ದೇಶ ಹೊತ್ತಿ ಉರಿದ ವಿಷಯ. ಕಾಯ್ದೆ ಬಂದಾಗ ಸಂಸತ್ತಿನಲ್ಲಿ ನನ್ನ ಪ್ರತಿನಿಧಿ ಏನೆಂದರು, ಹೋದಾಗ ಏನೆಂದರು ಎಂದು ತಿಳಿಯಲು ದಾಖಲೆ ಹುಡುಕಿದರೆ ಸಿಗುವುದು ಬರೀ ಸದ್ದು.

ಎಣಿಸಲು ಬರುವುದಿಲ್ಲ ಎಂದೇನೂ ಅಲ್ಲ. ಸಂವಿಧಾನ ತಿದ್ದುಪಡಿಗೆ 368ನೇ ವಿಧಿ ಮೂರನೇ ಎರಡರಷ್ಟು ಬಹುಮತ ಕೇಳುತ್ತದೆ, ಅಲ್ಲಿ ಎಣಿಸದೆ ವಿಧಿಯಿಲ್ಲ. 2023ರಲ್ಲಿ ಮಹಿಳಾ ಮೀಸಲಾತಿ ಮಸೂದೆಗೆ ಲೋಕಸಭೆಯಲ್ಲಿ ಪರ 454, ವಿರುದ್ಧ 2 ಎಂದು ದೇಶಕ್ಕೆಲ್ಲ ಗೊತ್ತಾಗಿದ್ದು ಹಾಗೆ. 2019ರ ಜುಲೈ 23ರಂದು ನಮ್ಮ ವಿಧಾನಸಭೆಯಲ್ಲಿ ಸಾಲು ಸಾಲಾಗಿ ನಿಲ್ಲಿಸಿ ತಲೆ ಎಣಿಸಿದರು: ವಿಶ್ವಾಸಮತದ ಪರ 99, ವಿರುದ್ಧ 105. ಕುರ್ಚಿಯ ಪ್ರಶ್ನೆ ಬಂದಾಗ ಒಂದು ತಲೆಯೂ ಲೆಕ್ಕ ತಪ್ಪುವುದಿಲ್ಲ. ನಮ್ಮ ಜಮೀನು, ನಮ್ಮ ತೆರಿಗೆ, ನಮ್ಮ ಮಕ್ಕಳ ಶಾಲೆಯ ಪ್ರಶ್ನೆಗೆ ಕಿವಿಯ ಅಂದಾಜು ಸಾಕು.

"ಪಕ್ಷ ಹೇಳಿದ ಹಾಗೆ" ಎಂಬ ಉತ್ತರದಲ್ಲಿಯೂ ಅರ್ಧ ಸತ್ಯವಿದೆ. 1985ರಲ್ಲಿ ಸಂವಿಧಾನಕ್ಕೆ ಬಂದ ಹತ್ತನೇ ಅನುಸೂಚಿಯ, ಅಂದರೆ ಪಕ್ಷಾಂತರ ನಿಷೇಧ ಕಾನೂನಿನ, ಪ್ರಕಾರ ಪಕ್ಷದ ವಿಪ್ (ಹೀಗೇ ಮತ ಹಾಕಿ ಎಂಬ ಆದೇಶ) ಮೀರಿ ಮತ ಹಾಕಿದರೆ, ಮತ ಹಾಕದೆ ಕುಳಿತರೂ, ಪಕ್ಷ 15 ದಿನಗಳೊಳಗೆ ಮನ್ನಿಸದಿದ್ದರೆ ಸ್ಥಾನಕ್ಕೆ ಕುತ್ತು. ಹೊರಗೆ ಬಾಯಿಬಿಡಲೂ ಅವರಿಗೆ ಭಯ. ಪಕ್ಷ ತೊರೆದಿದ್ದಾರೆ ಎಂದು ನಡವಳಿಕೆಯಿಂದಲೇ ಊಹಿಸಬಹುದೆಂದು ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿದೆ. ಇದೆಲ್ಲ ಒಪ್ಪಿದೆ. ಆದರೆ ಪ್ರತಿ ಮಸೂದೆಗೂ ವಿಪ್ ಬರುವುದಿಲ್ಲ. ಬಂದಾಗಲೂ "ವಿಪ್ ಇತ್ತು, ಅದಕ್ಕೇ ಹೌದು ಎಂದೆ" ಎಂದು ಬರೆಯಲು ಯಾವ ಅನುಸೂಚಿಯೂ ಅಡ್ಡ ಬರುವುದಿಲ್ಲ. ಅಷ್ಟು ಬರೆದಿದ್ದರೂ ನಾನು ಆ ಹೊತ್ತಿಗೆಯನ್ನು ಜೋಪಾನವಾಗಿ ಎತ್ತಿಡುತ್ತಿದ್ದೆ.

ಮತದಾರರ ಮುಂದೆ ನಿಂತು ಮತದ ಲೆಕ್ಕ ಕೊಟ್ಟವರ ಮಾತು ಬಂದರೆ ನನಗೆ ನೆನಪಾಗುವುದು ಹದಿನೆಂಟನೇ ಶತಮಾನದ ಬ್ರಿಟಿಷ್ ಸಂಸದ ಎಡ್ಮಂಡ್ ಬರ್ಕ್. 1774ರಲ್ಲಿ ಇಂಗ್ಲೆಂಡಿನ ಬಂದರು ನಗರ ಬ್ರಿಸ್ಟಲ್‌ನಿಂದ ಗೆದ್ದ ದಿನವೇ, ನಿಮ್ಮ ಅಪ್ಪಣೆಗಿಂತ ನನ್ನ ವಿವೇಚನೆ ದೊಡ್ಡದು ಎಂದು ಮುಖಕ್ಕೆ ಹೇಳಿದವನು. ಆ ಧಿಮಾಕಿನ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. ನನಗೆ ಹಿಡಿಸಿದ್ದು ಆರು ವರ್ಷದ ನಂತರದ ಕತೆ. ಐರ್ಲೆಂಡಿನ ವ್ಯಾಪಾರಕ್ಕಿದ್ದ ನಿರ್ಬಂಧ ಸಡಿಲಿಸಲು ಅವನು ಬೆಂಬಲ ಕೊಟ್ಟಿದ್ದ, ಬ್ರಿಸ್ಟಲ್‌ನ ವರ್ತಕರಿಗೆ ಅದು ಹೊಟ್ಟೆಯ ಮೇಲೆ ಹೊಡೆದಂತಾಗಿತ್ತು. ಸಾಲಗಾರರ ಕಾನೂನು, ಕ್ಯಾಥೊಲಿಕ್ಕರಿಗೆ ಕೊಟ್ಟ ರಿಯಾಯಿತಿ ಇನ್ನೆರಡು ಆರೋಪಗಳು. ಕ್ಷೇತ್ರಕ್ಕೆ ಬರುವುದೇ ಇಲ್ಲ ಎಂಬುದು ಮತ್ತೊಂದು (ಈ ದೂರಿಗೆ ಇಷ್ಟು ವಯಸ್ಸಾಗಿದೆ ಎಂದು ನನಗೂ ಗೊತ್ತಿರಲಿಲ್ಲ). 1780ರ ಸೆಪ್ಟೆಂಬರ್‌ನಲ್ಲಿ ಅದೇ ಊರಿನ ಸಭಾಭವನ ಗಿಲ್ಡ್‌ಹಾಲ್‌ನಲ್ಲಿ ನಿಂತು ಒಂದೊಂದೇ ಆರೋಪ ಎತ್ತಿಕೊಂಡು, ಯಾಕೆ ಹಾಗೆ ಮಾಡಿದೆ ಎಂದು ವಿವರಿಸಿದ. ಜನ ಒಪ್ಪಲಿಲ್ಲ. ಗೆಲುವಿಲ್ಲವೆಂದು ಕಂಡು ಕೆಲವೇ ದಿನಗಳಲ್ಲಿ ಕಣದಿಂದ ಹಿಂದೆ ಸರಿದ.

ಇದನ್ನು ಹೇಳಿದಾಗ ಗೆಳೆಯರೊಬ್ಬರು, "ನೋಡಿದಿರಾ, ಲೆಕ್ಕ ಕೊಟ್ಟವನು ಸೋತ, ನಮ್ಮವರು ಜಾಣರು" ಎಂದರು. ಇರಬಹುದು. ಆದರೆ ಬ್ರಿಸ್ಟಲ್‌ನವರು ಅವನನ್ನು ಬೇಡವೆಂದಾಗ ಯಾವ ಕಾರಣಕ್ಕೆ ಬೇಡವೆನ್ನುತ್ತಿದ್ದೇವೆಂದು ಅವರಿಗೆ ತಿಳಿದಿತ್ತು. ನಾನು ಕಳೆದ ಸಲ ಮತ ಹಾಕಿದ್ದು ಹೈಮಾಸ್ಟ್ ದೀಪ ನೋಡಿ.

ನಿನ್ನೆ ಮೊಬೈಲ್‌ಗೆ ಶಾಸಕರ ಕಚೇರಿಯಿಂದ ಸಂದೇಶ ಬಂದಿದೆ: "ನಿಮ್ಮ ಅಹವಾಲನ್ನು ಸಂಬಂಧಪಟ್ಟ ಇಲಾಖೆಗೆ ವರ್ಗಾಯಿಸಲಾಗಿದೆ." ಯಾವ ಇಲಾಖೆ ಎಂದು ಬರೆದಿಲ್ಲ.