ಗೋಪಾಲಗೌಡರು ಗೆದ್ದರೇ?

ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಮೂರು ಸಲ ಶಾಸಕರಾದರು, ಒಮ್ಮೆಯೂ ಮಂತ್ರಿಯಾಗಲಿಲ್ಲ. ಅವರ ರಾಜಕೀಯ ಬದುಕನ್ನು ಗೆಲುವು ಅನ್ನಬಹುದೇ?

ಪರ

ಗೇಣಿಯ ಭತ್ತ ಅಳೆಯುವ ಕೊಳಗದಿಂದಲೇ ಶುರು ಮಾಡೋಣ. ಸುಗ್ಗಿ ಮುಗಿದಿದೆ, ಕಣದಲ್ಲಿ ಭತ್ತದ ರಾಶಿ ಬಿದ್ದಿದೆ. ಒಡೆಯರ ಕಡೆಯವನು ಕೊಳಗ ತುಂಬಿ ತುಂಬಿ ಸುರಿಯುತ್ತಾನೆ, ಗೇಣಿದಾರ ಪಕ್ಕದಲ್ಲಿ ನಿಂತು ಎಣಿಸುತ್ತಾನೆ. ಎಣಿಕೆಯಲ್ಲಿ ಮೋಸವಿಲ್ಲ, ಕೊಳಗವೇ ದೊಡ್ಡದು. ಎಷ್ಟು ಕೊಳಗ ಅಂತ ಕೇಳಬಹುದು, ಯಾವ ಕೊಳಗ ಅಂತ ಕೇಳುವ ಹಾಗಿಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಸಮುದಾಯದ ಗೇಣಿದಾರರು ಅದನ್ನೇ ಕೇಳಿಬಿಟ್ಟರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಒಂದು ತಂಡ ನೇಗಿಲು ಹಿಡಿದು ಗದ್ದೆಗಿಳಿಯುವುದು, ಪೊಲೀಸರು ಹಿಡಿದೊಯ್ಯುವುದು, ಹಿಂದೆಯೇ ಇನ್ನೊಂದು ತಂಡ ಇಳಿಯುವುದು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು. ಅವರನ್ನೂ ಸಾಗರದ ರೈಲು ನಿಲ್ದಾಣದಲ್ಲಿ ಬಂಧಿಸಿದರು. ಸಮಾಜವಾದಿ ಪಕ್ಷದಿಂದ ಈ ಹೋರಾಟಕ್ಕೆ ಹೆಗಲು ಕೊಟ್ಟವರಲ್ಲಿ ಮುಂದಿದ್ದವರು ತೀರ್ಥಹಳ್ಳಿ ಕಡೆಯ ಆರಗದ ಗೋಪಾಲಗೌಡರು. ಆಗ ಅವರಿಗೆ 28 ವರ್ಷ.

ಮರುವರ್ಷವೇ ಮೊದಲ ಮಹಾಚುನಾವಣೆ. ಸಾಗರ–ಹೊಸನಗರದ ಜನ ಈ ಹುಡುಗನನ್ನು ವಿಧಾನಸಭೆಗೆ ಕಳಿಸಿದರು. ಕಾಂಗ್ರೆಸ್ಸಿನ ಹೆಸರು ಹೇಳಿದರೆ ಸಾಕು ಓಟು ಬೀಳುತ್ತಿದ್ದ ಕಾಲ ಅದು. ಒಕ್ಕಲಿಗರ ಮನೆಯಲ್ಲಿ ಹುಟ್ಟಿದವರು ದೀವರ ಪರ ನಿಂತು ಗೆದ್ದದ್ದನ್ನು ಈಗಿನ ಜಾತಿ ಲೆಕ್ಕಾಚಾರದವರಿಗೆ ವಿವರಿಸುವುದು ಕಷ್ಟ, ಬಿಡಿ.

ಅವರು ಏನು ಕಾನೂನು ಮಾಡಿದರು ಎಂದು ಕೇಳುವವರು ವಿರೋಧ ಪಕ್ಷದ ಶಾಸಕನ ಕೆಲಸವನ್ನೇ ಮರೆತಿದ್ದಾರೆ. ಗೇಣಿದಾರನ ಅಹವಾಲು ಅಲ್ಲಿಯವರೆಗೆ ಅರ್ಜಿಯಾಗಿತ್ತು, ಕೈಮುಗಿದು ಕೊಡುವಂಥದ್ದು. ಗೌಡರು ಅದನ್ನು ಸದನದಲ್ಲಿ ಹಕ್ಕಿನ ಮಾತಾಗಿ ಆಡಿದರು. ರಾಜ್ಯಕ್ಕೆ ಮೈಸೂರು ಅನ್ನುವ ಹೆಸರು ಸಾಲದು, ಕರ್ನಾಟಕ ಆಗಬೇಕು ಎಂದು ಪಟ್ಟು ಹಿಡಿದವರಲ್ಲೂ ಅವರಿದ್ದರು. ಅವರ ಗರಡಿಯಲ್ಲಿ ಪಳಗಿದವರನ್ನು ನೋಡಿ: ಬಂಗಾರಪ್ಪ, ಜೆ.ಎಚ್. ಪಟೇಲ್ ಮುಖ್ಯಮಂತ್ರಿಗಳಾದರು, ಅದೇ ಕಾಗೋಡಿನ ತಿಮ್ಮಪ್ಪ ವಿಧಾನಸಭೆಯ ಅಧ್ಯಕ್ಷರಾದರು, ಕಂದಾಯ ಮಂತ್ರಿಯೂ ಆದರು. ಕೊಳಗದ ಜಗಳ ನಡೆದ ಊರಿನವನ ಕೈಗೆ ಕಂದಾಯ ಖಾತೆ ಬಂತು. ಇದಕ್ಕಿಂತ ಬೇರೆ ಗೆಲುವು ಯಾವುದಿದೆ?

ವಿರೋಧ

ಗೌಡರ ಪ್ರಾಮಾಣಿಕತೆಯ ಬಗ್ಗೆ ನನಗೂ ತಕರಾರಿಲ್ಲ. ತಕರಾರು ಇರುವುದು ತಾರೀಕಿನ ಬಗ್ಗೆ.

ಗೌಡರು ತೀರಿಕೊಂಡದ್ದು 1972ರ ಜೂನ್ 9ರಂದು, 49ರ ವಯಸ್ಸಿನಲ್ಲಿ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಗೇಣಿ ಜಮೀನು ಸರ್ಕಾರದ ವಶಕ್ಕೆ ಹೋಗಿ ಗೇಣಿದಾರನಿಗೆ ಸಿಗುವ ದಾರಿಯಾದದ್ದು 1974ರ ಮಾರ್ಚ್ 1ರಿಂದ. ಎರಡನ್ನೂ ಮಾಡಿದ್ದು ದೇವರಾಜ ಅರಸರ ಕಾಂಗ್ರೆಸ್ ಸರ್ಕಾರ, ಗೌಡರು ಬದುಕಿನುದ್ದಕ್ಕೂ ಎದುರಿಸಿದ ಪಕ್ಷ. ಮಲೆನಾಡಿನ ಹಳ್ಳಿಗಳಲ್ಲಿ ಹಿರಿಯರನ್ನು ಜಮೀನು ಹೇಗೆ ಬಂತು ಎಂದು ಕೇಳಿ ನೋಡಿ. ‘ಡಿಕ್ಲರೇಷನ್ ಕೊಟ್ವಿ’ ಅನ್ನುತ್ತಾರೆ. ಅಂದರೆ ಏಳನೇ ನಂಬರ್ ಫಾರಂ ತುಂಬಿ, ಹೆಬ್ಬೆಟ್ಟು ಒತ್ತಿ, ಭೂನ್ಯಾಯ ಮಂಡಳಿಯ ಮುಂದೆ ನಿಂತದ್ದು. ಆ ಫಾರಂ ಅಚ್ಚು ಹಾಕಿಸಲು ಅಧಿಕಾರ ಬೇಕಿತ್ತು. ಭಾಷಣ ಸಾಲುತ್ತಿರಲಿಲ್ಲ.

ಗೌಡರ ತಾಲ್ಲೂಕಿನವರೇ ಆದ ಕಡಿದಾಳು ಮಂಜಪ್ಪನವರು ಒಳಗಿದ್ದು ಕೆಲಸ ಮಾಡಿದರು. ಕಂದಾಯ ಮಂತ್ರಿಯಾಗಿ ಇನಾಂ, ಗೇಣಿ ಕಾನೂನುಗಳನ್ನು ರೂಪಿಸಿದರು. ಅವುಗಳಲ್ಲಿ ತೂತುಗಳಿದ್ದವು, ಒಪ್ಪೋಣ. ಆದರೆ ತೂತಿದ್ದರೂ ಅದು ಕಾನೂನು.

ಕಾಗೋಡಿನ ವಿಷಯದಲ್ಲೂ ಒಂದು ಮಾತಿದೆ. ರೈತ ಸಂಘ ಕಟ್ಟಿ, ಗೇಣಿದಾರರನ್ನು ಒಟ್ಟುಮಾಡಿ ಆ ಹೋರಾಟ ಹೂಡಿದವರು ಎಚ್. ಗಣಪತಿಯಪ್ಪ. ಪಕ್ಷ ಬಂದದ್ದು ಆಮೇಲೆ. ನೆನಪು ಮಾತ್ರ ಪಕ್ಷದ ನಾಯಕರ ಕಡೆಗೇ ವಾಲಿತು. ಇನ್ನು 1952ರ ಗೆಲುವು. ಗೌಡರು ಶಾಸಕರಾದ ಅದೇ ಚುನಾವಣೆಯಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋದವರು ಕೆ.ಜಿ. ಒಡೆಯರ್, ಕಾಂಗ್ರೆಸ್ಸಿನಿಂದ. ಕಾಗೋಡಿನ ಜಮೀನ್ದಾರರು ಅವರೇ! ಒಕ್ಕಲಿನ ಪರ ನಿಂತವರು ಬೆಂಗಳೂರಿಗೆ, ಒಡೆಯರು ದೆಹಲಿಗೆ. ಪರ ವಾದಿಸುವವರು ಈ ಸಾಲನ್ನು ಯಾಕೋ ಹಾರಿಸಿಬಿಡುತ್ತಾರೆ. 1957ರಲ್ಲಿ ಗೌಡರು ಸೋತರು. 1962, 1967ರಲ್ಲಿ ಮತ್ತೆ ಗೆದ್ದರು. ಅಷ್ಟರಲ್ಲಿ ಅವರ ಪಕ್ಷ ಸೇರಿ, ಒಡೆದು, ಮತ್ತೆ ಸೇರಿ, ಮತ್ತೆ ಒಡೆದಿತ್ತು. ಮನೆ ರಿಪೇರಿಯಲ್ಲೇ ಮಳೆಗಾಲ ಕಳೆದವರ ಸ್ಥಿತಿ.

ಶಿಷ್ಯರ ಮಾತು ಬಂತಲ್ಲ, ಅದೇ ನನ್ನ ವಾದಕ್ಕೆ ಸಾಕ್ಷಿ. ಬಂಗಾರಪ್ಪ ಮುಖ್ಯಮಂತ್ರಿಯಾದದ್ದು ಕಾಂಗ್ರೆಸ್ಸಿನಿಂದ. ತಿಮ್ಮಪ್ಪನವರು ಕಂದಾಯ ಮಂತ್ರಿಯಾದದ್ದೂ ಕಾಂಗ್ರೆಸ್ಸಿನಿಂದಲೇ. ಗುರು ಹೊರಗಿದ್ದು ಆಗದ್ದನ್ನು ಅವರು ಒಳಗೆ ಹೋಗಿ ಮಾಡಿದರು. ಕಾಗೋಡಿನ ಸತ್ಯಾಗ್ರಹದಿಂದ ಡಿಕ್ಲರೇಷನ್‌ವರೆಗೆ 23 ವರ್ಷ. ಅಷ್ಟೂ ವರ್ಷ ಮಲೆನಾಡಿನ ಗೇಣಿದಾರ ಕಣದಲ್ಲಿ ಯಾವ ಕೊಳಗದಲ್ಲಿ ಅಳೆದುಕೊಟ್ಟ ಅನ್ನುವುದನ್ನೂ ಪರ ವಾದಿಸುವವರು ಹೇಳಲಿ.